ವೇಳೆವಾಳಿ: ಅನ್ನದ ಋಣ ಮತ್ತು ಆತ್ಮಬಲಿ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಭಿತ್ತಿಶಿಲ್ಪಗಳನ್ನು ನೋಡಹೋದವರಲ್ಲಿ ಹೆಚ್ಚಿನವರು ಅಲ್ಲಿಯ ಕುವರಲಕ್ಷ್ಮನ ಗರುಡಗಂಬವನ್ನು ಗಮನಿಸದೆ ಮುಂದೆ ಸಾಗುತ್ತಾರೆ. 1220ರಲ್ಲಿ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಲಕ್ಷ್ಮನು ಪತ್ನಿ ಸುಗ್ಗಲದೇವಿಯೊಡನೆ ಪ್ರಾಣಬಿಟ್ಟುದರ ಸ್ಮಾರಕವದು. ಕಂಬದ ಕಿರುಶಿಲ್ಪಗಳಲ್ಲಿ ವೀರರು ತಮ್ಮ ಅಂಗಾಂಗಗಳನ್ನು, ಕೊನೆಗೆ ತಲೆಯನ್ನೇ, ಕೈಯಾರೆ ಕತ್ತರಿಸಿಕೊಳ್ಳುತ್ತಿದ್ದಾರೆ. ಅವರ ಎದುರಿಗೆ ಶತ್ರುವಿಲ್ಲ.

ವಿಷ್ಣುವಿಗೆ ಗರುಡನಿರುವಂತೆ ಒಡೆಯನಿಗೆ ತಾನಿರುವೆನೆಂದು ನೇಮ ತಳೆದ ಇಂಥವರನ್ನು ಹೊಯ್ಸಳ ಶಾಸನಗಳು ಗರುಡರೆಂದು ಕರೆಯುತ್ತವೆ. ಅವರ ನೇಮವೇ ವೇಳೆವಾಳಿ. ಒಡೆಯನ ಮರಣದ ವೇಳೆಗೆ ತನ್ನ ಪ್ರಾಣವನ್ನೂ ಒಪ್ಪಿಸಬೇಕೆಂಬುದು ಅದರ ಕಟ್ಟಳೆ. ಇದರ ಪಕ್ಕದಲ್ಲಿ ಇಡಬೇಕಾದ ಪದ, ಪಂಪನ ಓದುಗರಿಗೆ ಪರಿಚಿತವಾದ ಜೋಳದಪಾಳಿ. ಉಂಡ ಅನ್ನಕ್ಕೆ ತೀರಿಸಬೇಕಾದ ಋಣಧರ್ಮವದು. ನಮ್ಮ ಪಠ್ಯಪುಸ್ತಕಗಳು ಇವೆರಡನ್ನೂ ‘ಸ್ವಾಮಿನಿಷ್ಠೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತವೆ. ನಿಷ್ಠೆಯೆಂಬುದು ಮನಸ್ಸಿನ ಗುಣ, ಪಾಳಿಯಾದರೋ ಸಲ್ಲಿಸಲೇಬೇಕಾದ ಬಾಕಿ.

ಅನ್ನಕ್ಕೂ ಸಾವಿಗೂ ಇರುವ ಈ ನಂಟು ಹೊರನಾಡಿನವರ ಕಣ್ಣಿಗೂ ಬಿದ್ದಿತ್ತು. 10ನೆಯ ಶತಮಾನದ ಆದಿಭಾಗದ ಅರಬ್ ಲೇಖಕ ಅಬೂ ಜೈದ್, ಭಾರತದ ಕೆಲವು ಅರಸರು ಪಟ್ಟವೇರುವಾಗ ನಡೆಯುತ್ತಿದ್ದ ಅನ್ನದ ವಿಧಿಯೊಂದನ್ನು ವರ್ಣಿಸುತ್ತಾನೆ. ಅರಸನಿಗಾಗಿ ಬೇಯಿಸಿದ ಅನ್ನದಲ್ಲಿ ಪಾಲು ಪಡೆದು ಉಂಡವರೆಲ್ಲ ಅವನು ಸತ್ತ ದಿನ ಬೆಂಕಿಗೆ ಬೀಳಲೇಬೇಕು. ಅವನು ಯಾವ ಪ್ರದೇಶವನ್ನು ಉದ್ದೇಶಿಸಿದ್ದನೆಂಬುದು ಚರ್ಚಾಸ್ಪದವಾದರೂ, ನಮ್ಮ ಶಾಸನಗಳ ಪರಿಭಾಷೆಯನ್ನು ಇದು ಚೆನ್ನಾಗಿಯೇ ವಿವರಿಸುತ್ತದೆ. ಬಾಗಿಸಿದ ಬಿದಿರಿಗೆ ಕೂದಲು ಕಟ್ಟಿಕೊಂಡು, ಕತ್ತರಿಸಿದೊಡನೆ ತಲೆ ಮೇಲಕ್ಕೆ ಚಿಮ್ಮುವಂತೆ ಸಾಯುವ ಪದ್ಧತಿಯನ್ನೂ ಅವನು ಬಲ್ಲ. ನಮ್ಮ ಸ್ಮಾರಕಶಿಲ್ಪಗಳ ‘ಸಿಡಿತಲೆ’ ಇದೇ ಆಗಿದೆ.

ಋಣವೆಂದಮೇಲೆ ಅದು ವಂಶಪಾರಂಪರ್ಯವಾಗಿಯೂ ಇಳಿಯಬಲ್ಲದು. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಗರುಡಗಂಬಗಳು ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೊಯ್ಸಳ ಅರಸರೊಡನೆ ಸತ್ತ ವೃತ್ತಾಂತವನ್ನು ಹೇಳುತ್ತವೆ. ನಾಯಕರ ಹೆಸರುಗಳು ಅಲ್ಲಿ ದಾಖಲಾಗಿವೆ. ಅವರೊಂದಿಗೆ ಹೆಂಡತಿಯರೂ ಪರಿಚಾರಕರೂ ಸತ್ತರು. ಅಜ್ಜ ತೊಟ್ಟ ನೇಮಕ್ಕೆ ಮೊಮ್ಮಗ ಸತ್ತರೆ ಅದನ್ನು ಎಷ್ಟರಮಟ್ಟಿಗೆ ಸ್ವಇಚ್ಛೆಯೆನ್ನಬಹುದು? ನಾಯಕನ ಪರಿಚಾರಿಕೆ ಯಾವ ನೇಮ ತೊಟ್ಟಿದ್ದಳು? ವೀರಗಲ್ಲುಗಳ ಅಧ್ಯಯನದಲ್ಲಿ ಈ ಪ್ರಶ್ನೆಗಳಿಗೆ ದೊರೆಯಬೇಕಾದ ಸ್ಥಾನ ಇನ್ನೂ ದೊರೆತಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ಇದಕ್ಕೂ ಹಿಂದಿನ, 9ನೆಯ ಶತಮಾನದ, ದೊಡ್ಡಹುಂಡಿಯ ಕಲ್ಲನ್ನು ಈ ಹಿನ್ನೆಲೆಯಲ್ಲಿ ಮತ್ತೆ ನೋಡಬೇಕು. ಗಂಗದೊರೆ ನೀತಿಮಾರ್ಗ ಮರಣಶಯ್ಯೆಯಲ್ಲಿದ್ದಾನೆ; ಅವನ ಮನೆಯಾಳು ಅಗರಯ್ಯ ಬಳಿಯಲ್ಲಿಯೇ ಇದ್ದಾನೆ. ಈ ಅಗರಯ್ಯ ‘ಕೀಳ್ಗುಂಟೆ’ಯಾದನೆಂದು ಶಾಸನ ತಿಳಿಸುತ್ತದೆ. ಒಡೆಯನ ಶವದ ಕೆಳಗಿನ ಗುಂಡಿಯಲ್ಲಿ ಹುಗಿಸಿಕೊಳ್ಳುವುದು ಎಂದು ವಿದ್ವಾಂಸರು ಈ ಪದಕ್ಕೆ ಅರ್ಥ ಹೇಳಿದ್ದಾರೆ. ಗರುಡ ಎಂಬ ಹೆಸರಿನಲ್ಲಿ ಮೇಲಕ್ಕೇರಿಸುವ ದನಿಯಿದೆ. ಕೀಳ್ಗುಂಟೆಯಲ್ಲಿ ಅಂತಹ ಅಲಂಕಾರವೇನೂ ಇಲ್ಲ. ಸತ್ತವನ ಜಾಗ ಎಲ್ಲಿ ಎಂಬುದನ್ನಷ್ಟೇ ಆ ಪದ ಹೇಳುತ್ತದೆ.