ಮಗ್ಗದ ಮೇಲಣ ವಿದ್ಯುತ್ ದಾರಿ

ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಎಂಐಡಿಸಿಯಲ್ಲಿ ಟವೆಲು, ಚಾದರ ನೇಯುವ ಕಾರ್ಖಾನೆಯನ್ನು ಹೊಕ್ಕವರಿಗೆ ಮೊದಲು ಕೇಳುವುದು ಮಗ್ಗಗಳ ಸದ್ದು. ಆಮೇಲೆ ಕಾಣುವುದು ಎಲ್ಲೆಡೆ ಕುಳಿತ ಹತ್ತಿಯ ನವಿರು ಧೂಳು. ಚಾವಣಿಯಡಿ ಹಾಯ್ದ ಕೇಬಲ್ಲುಗಳ ಮೇಲೂ ಅದೇ ಧೂಳು. ಹಳೆಯ ಮಗ್ಗ ತೆಗೆದು ರೇಪಿಯರ್ ಮಗ್ಗ ಕೂಡಿಸುವ ಮಾಲಕರು ಕೇಬಲ್ಲಿನ ಬದಲು ಬಸ್‌ಬಾರ್ ಹಾಕಿಸಲು ಹೊರಟಾಗ ದರಪಟ್ಟಿಗಿಂತ ಮೊದಲು ನೋಡಬೇಕಾದದ್ದು ಈ ಧೂಳನ್ನು.

ತಾಮ್ರದ ಅಥವಾ ಅಲ್ಯುಮಿನಿಯಮ್ಮಿನ ಚಪ್ಪಟೆ ಪಟ್ಟಿಗಳನ್ನು ಲೋಹದ ಕವಚದೊಳಗಿಟ್ಟ ವಿದ್ಯುತ್ ದಾರಿಯೇ ಬಸ್‌ಬಾರ್. ಅದರುದ್ದಕ್ಕೂ ಅಲ್ಲಲ್ಲಿ ಕಿಂಡಿಗಳಿರುತ್ತವೆ. ಬೇಕಾದೆಡೆ ಪೆಟ್ಟಿಗೆ ಸಿಕ್ಕಿಸಿ ಮಗ್ಗಕ್ಕೆ ವಿದ್ಯುತ್ ಪಡೆಯಬಹುದು. ಮಗ್ಗದ ಜಾಗ ಬದಲಾದರೆ ಪೆಟ್ಟಿಗೆಯನ್ನೂ ಸರಿಸಿದರಾಯಿತು.

ಅಳತೆಯ ಲೆಕ್ಕ ಸರಳವೆನಿಸುತ್ತದೆ. 415 ವೋಲ್ಟಿನ ತ್ರಿಫೇಸ್ ಸಂಪರ್ಕದಲ್ಲಿ, ಪವರ್ ಫ್ಯಾಕ್ಟರ್ 0.85 ಇದ್ದಾಗ, 200 ಕಿಲೋವಾಟ್ ಹೊರೆಗೆ ಬೇಕಾಗುವುದು ಸುಮಾರು 327 ಆಂಪಿಯರ್. 400 ಆಂಪಿಯರಿನ ಬಸ್‌ಬಾರ್ ಸಾಕೆಂದು ಯಾರಿಗಾದರೂ ತೋರೀತು. ಆದರೆ ಐಇಸಿ 61439 ಮಾನಕವು ಈ ಸಾಮರ್ಥ್ಯವನ್ನು ಗೊತ್ತುಪಡಿಸುವುದು ದಿನದ ಸರಾಸರಿ 35 ಡಿಗ್ರಿ ಉಷ್ಣತೆಯನ್ನು ಹಿಡಿದು. ಸೊಲ್ಲಾಪುರದ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ತಗಡಿನ ಚಾವಣಿಯಡಿಯ ಸೆಕೆಯನ್ನು ಹೇಳಬೇಕಿಲ್ಲ. ಆ ಉಷ್ಣತೆಗೆ ಸಾಮರ್ಥ್ಯವೆಷ್ಟು ಕುಗ್ಗುವುದೆಂಬ ಪಟ್ಟಿಯನ್ನು ತಯಾರಕರಿಂದ ಕೇಳಿ ಪಡೆಯದೆ ಕೊಳ್ಳುವುದು ಕಣ್ಣು ಮುಚ್ಚಿ ಬಾವಿಗಿಳಿದಂತೆ.

ಧೂಳಿನ ಬಾಧೆ ಇನ್ನೂ ದೊಡ್ಡದು. ಪಟ್ಟಿಗಳ ನಡುವೆ ಗಾಳಿಯ ಅಂತರವಿರುವ ಬಸ್‌ಬಾರಿನ ಕವಚ ಸಡಿಲವಾಗಿದ್ದರೆ ಹತ್ತಿಯ ಎಳೆ ಒಳನುಗ್ಗಿ ಪದರವಾಗುತ್ತದೆ. ಒಂದು ಕಿಡಿ ಬಿದ್ದರೆ ಹೊತ್ತಿಕೊಳ್ಳಲು ಅಷ್ಟೇ ಸಾಕು. ನಿರೋಧಕ ಹೊದಿಕೆಯ ಪಟ್ಟಿಗಳನ್ನು ಒತ್ತಾಗಿ ಜೋಡಿಸಿದ ಸ್ಯಾಂಡ್‌ವಿಚ್ ಬಗೆಯಲ್ಲಿ ಆ ಟೊಳ್ಳು ಇಲ್ಲ, ಬಿಸಿ ಕವಚದ ಮೂಲಕವೇ ಹೊರಹೋಗುತ್ತದೆ. ಆದರೆ ಕವಚದ ಮೇಲೆ ಧೂಳು ಹೊದ್ದುಕೊಂಡರೆ ಆ ದಾರಿಯೂ ಕಟ್ಟುತ್ತದೆ. ಆದ್ದರಿಂದ ನಿಯತವಾಗಿ ಒರೆಸಲೇಬೇಕು. ಐಪಿ ಸಂಖ್ಯೆಯ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ಧೂಳು ತುಸುವೂ ಒಳಬಾರದ ರಕ್ಷಣೆಗೆ ಮೊದಲ ಅಂಕಿ 6 ಇರಬೇಕು. ಕಿಂಡಿಗಳಿಗೂ ಪೆಟ್ಟಿಗೆಗಳಿಗೂ ಅದೇ ಸಂಖ್ಯೆ ಅನ್ವಯಿಸುವುದೇ ಎಂದು ಬರಹದಲ್ಲಿ ಪಡೆಯುವುದು ಒಳಿತು.

ಬಣ್ಣಗಾರಿಕೆಯ ಕೋಣೆಯಲ್ಲಿ ಧೂಳಿಗಿಂತ ಹಬೆ, ರಾಸಾಯನಿಕಗಳ ಕಾಟ ಹೆಚ್ಚು. ಅಲ್ಲಿ ರಾಳದಲ್ಲಿ ಎರಕ ಹೊಯ್ದ ಬಸ್‌ಬಾರ್ ದುಬಾರಿಯಾದರೂ ತಕ್ಕದ್ದು. ಬಹುಮಹಡಿ ಕಟ್ಟಡದಲ್ಲಿ ಅದು ಮಹಡಿ ದಾಟುವೆಡೆಯೆಲ್ಲ ಬೆಂಕಿತಡೆ ಬೇಕು. ಗಣಕಯಂತ್ರಗಳು ತುಂಬಿದ ಕಚೇರಿಯಲ್ಲಿ ನ್ಯೂಟ್ರಲ್ ಪಟ್ಟಿಯ ಮೇಲೆ ಹೊರೆ ಹೆಚ್ಚುವುದರಿಂದ ಅದನ್ನು ತೆಳುವಾಗಿಸುವಂತಿಲ್ಲ. ಆಸ್ಪತ್ರೆಯ ಮಾತೇ ಬೇರೆ: ತೀವ್ರನಿಗಾ ಘಟಕ ಒಂದೇ ದಾರಿಯನ್ನು ನೆಚ್ಚಿ ಕೂರಲಾಗದು.

ತಾಮ್ರವೋ ಅಲ್ಯುಮಿನಿಯಮ್ಮೋ ಎಂಬ ಚರ್ಚೆಗೆ ಮಾಲಕರು ಕೊಡುವ ಮಹತ್ವ ತುಸು ಅತಿಯಾದುದೇ. ಅಲ್ಯುಮಿನಿಯಮ್ಮಿನ ವಾಹಕತೆ ತಾಮ್ರದ ಸುಮಾರು 61 ಪ್ರತಿಶತ. ಪಟ್ಟಿ ದಪ್ಪವಾದರೂ ತೂಕ ಅರ್ಧದಷ್ಟೇ. ಎರಡೂ ಕೆಲಸಕ್ಕೆ ಬಂದಾವು. ಕೆಡುವುದು ಹೆಚ್ಚಾಗಿ ಜೋಡಣೆಯಲ್ಲಿ. ಬೋಲ್ಟು ಸಡಿಲಾದರೆ ಅಲ್ಲಿ ಬಿಸಿ ಏರುತ್ತದೆ. ವಿದ್ಯುತ್ ಪ್ರವಾಹ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಬೋಲ್ಟುಗಳನ್ನು ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಪಾನಾದಿಂದಲೇ ತಿರುಗಿಸಬೇಕು. ಎಲ್ಲ ಮಗ್ಗಗಳೂ ಓಡುತ್ತಿರುವಾಗ, ಬೇಸಿಗೆಯ ಒಂದು ಮಧ್ಯಾಹ್ನ, ಪ್ರತಿ ಜೋಡಣೆಯನ್ನೂ ಉಷ್ಣಚಿತ್ರ ತೆಗೆಯುವ ಕ್ಯಾಮೆರಾದಿಂದ ನೋಡಿಸಿಯೇ ಗುತ್ತಿಗೆದಾರರ ಕೊನೆಯ ಕಂತನ್ನು ಕೊಡತಕ್ಕದ್ದು.