‘ಬಾ’ ಅಂದರೆ ಹೋಗುತ್ತಾನೆ!

‘ಇರ್’. ಈ ಸದ್ದು ಕಿವಿಗೆ ಬಿದ್ದರೆ ನಿಮಗೇನು ಹೊಳೆಯುತ್ತದೆ? ಇರು, ನಿಲ್ಲು, ಎಲ್ಲೂ ಹೋಗಬೇಡ ಅಂತ ತಾನೇ?

ಸ್ಪ್ಯಾನಿಷ್‌ನಲ್ಲಿ ‘ಇರ್’ ಅಂದರೆ ಹೋಗುವುದು!

ಸರಿ, ಇನ್ನೊಂದು ಹೇಳುತ್ತೇನೆ. ‘ಬಾ’. ಊಹಿಸಿ ನೋಡೋಣ! ಅದರರ್ಥ ‘ಹೋಗುತ್ತಾನೆ’! ಬರೆಯುವುದು ‘ವಾ’ ಎಂದೇ, ಆದರೆ ಸ್ಪ್ಯಾನಿಷ್ ನಾಲಿಗೆಯಲ್ಲಿ ವಕಾರ ಬಕಾರವಾಗುತ್ತದೆ. ತಮಿಳಿನ ‘ವಾ’ ನಮ್ಮಲ್ಲಿ ‘ಬಾ’ ಆಗಿದೆಯಲ್ಲ, ಥೇಟ್ ಹಾಗೆ! ಸ್ಪ್ಯಾನಿಷ್‌ಗೂ ನಮ್ಮ ನುಡಿಗೂ ನಂಟಿಲ್ಲ, ಬರೀ ಕಾಕತಾಳೀಯ. ಆದರೂ ಮೈ ಜುಮ್ಮೆನ್ನುವುದಿಲ್ಲವೇ?

ಟೆನಿಸ್ ಅಂಕಣದಲ್ಲಿ ರಫೇಲ್ ನಡಾಲ್ ಮುಷ್ಟಿ ಬಿಗಿದು ಕೂಗುತ್ತಿದ್ದದ್ದು ನೆನಪಿದೆಯೇ? ‘ಬಾಮೊಸ್!’ ಅದೂ ಇದೇ ಕ್ರಿಯಾಪದ. ನಡೀರಿ, ಹೋಗೋಣ!

ಈಗ ಒಂದು ಪುಟ್ಟ ಲೆಕ್ಕ ಮಾಡೋಣ. ಸ್ಪ್ಯಾನಿಷ್‌ನ ಕ್ರಿಯಾಪದಗಳೆಲ್ಲ ಆರ್, ಎರ್, ಇರ್ ಎಂಬ ಮೂರು ಬಾಲಗಳಲ್ಲಿ ಒಂದನ್ನು ಹೊತ್ತಿರುತ್ತವೆ. ಬಾಲ ಕತ್ತರಿಸಿ, ಉಳಿದದ್ದಕ್ಕೆ ಪ್ರತ್ಯಯ ಹಚ್ಚಿ. ಅಷ್ಟೇ! ‘ಆಬ್ಲಾರ್’ ಅಂದರೆ ಮಾತಾಡುವುದು. ಬಾಲ ಹೋದರೆ ‘ಆಬ್ಲ್’. ‘ಆಬ್ಲೊ’ ಅಂದರೆ ಮಾತಾಡುತ್ತೇನೆ. ಎಷ್ಟು ಸಲೀಸು!

ಈಗ ‘ಇರ್’ ತೆಗೆದುಕೊಳ್ಳಿ. ಬಾಲ ಕತ್ತರಿಸಿ. ಏನು ಉಳಿಯಿತು?

ಏನೂ ಇಲ್ಲ! ಇಡೀ ಪದವೇ ಬಾಲ!

ಹಾಗಾದರೆ ‘ಹೋಗುತ್ತೇನೆ’ ಅನ್ನುವುದು ಹೇಗೆ? ಕೇಳಿ: ಬೊಯ್, ಬಾಸ್, ಬಾ, ಬಾಮೊಸ್, ಬಾಯ್ಸ್, ಬಾನ್. ನಾನು, ನೀನು, ಅವನು, ನಾವು, ನೀವು, ಅವರು. ಇದರಲ್ಲಿ ‘ಇರ್’ ಎಲ್ಲಿದೆ? ಹುಡುಕಿ! ಸುಳಿವೂ ಇಲ್ಲ! ‘ಹೋಗುತ್ತಿದ್ದೆ’ ಅನ್ನಬೇಕೇ? ‘ಇಬಾ’. ‘ಹೋಗುವೆ’? ‘ಇರೇ’. ಓಹೋ, ಕಳೆದುಹೋಗಿದ್ದ ‘ಇರ್’ ಇಲ್ಲಿ ಸಿಕ್ಕಿತು!

ಗುಟ್ಟು ಇದು. ಈ ಒಂದು ಕ್ರಿಯಾಪದದೊಳಗೆ ಲ್ಯಾಟಿನ್‌ನ ಎರಡು ಕ್ರಿಯಾಪದಗಳು ಸಂಸಾರ ಹೂಡಿವೆ. ‘ಬೊಯ್, ಬಾಸ್, ಬಾ’ ಬಂದದ್ದು ‘ವಾದೆರೆ’ಯಿಂದ. ‘ಇಬಾ’, ‘ಇರೇ’ ಬಂದದ್ದು ‘ಈರೆ’ಯಿಂದ.

ಎರಡೇ ಅಂದೆನೇ? ತಡೆಯಿರಿ! ‘ಹೋದೆ’ ಇನ್ನೂ ಬಂದಿಲ್ಲ!

‘ಹೋದೆ’ ಅಂದರೆ ‘ಫುಯಿ’. ‘ಹೋದ’ ಅಂದರೆ ‘ಫ್ವೆ’. ಇದು ಮೂರನೆಯವರ ಮನೆಯ ಆಸ್ತಿ. ಯಾರ ಮನೆಯದು ಗೊತ್ತೇ? ‘ಆಗಿರುವುದು’ ಎಂಬ ಅರ್ಥದ ‘ಸೆರ್’ ಕ್ರಿಯಾಪದದ್ದು! ಹೋದೆ, ಆಗಿದ್ದೆ ಎರಡಕ್ಕೂ ‘ಫುಯಿ’! ಒಂದೋ ಎರಡೋ ರೂಪ ಹೊಂದುತ್ತವೆ ಅಂದುಕೊಂಡಿರಾ? ಆರಕ್ಕೆ ಆರೂ ಒಂದೇ! ಒಂದಕ್ಷರವೂ ಬೇರೆಯಿಲ್ಲ!

ಮತ್ತೆ ಜನ ಗೊಂದಲವಾಗದೆ ಹೇಗೆ ಮಾತಾಡುತ್ತಾರೆ? ಈ ಎರಡು ವಾಕ್ಯಗಳನ್ನು ಹತ್ತಿರದಿಂದ ನೋಡಿ. ‘ಫ್ವೆ ಮೇದಿಕೊ’ ಎಂದರೆ ಅವನು ವೈದ್ಯನಾಗಿದ್ದ. ‘ಫ್ವೆ ಅಲ್ ಮೇದಿಕೊ’ ಎಂದರೆ ಅವನು ವೈದ್ಯರ ಹತ್ತಿರ ಹೋದ. ‘ಅಲ್’ ಎಂಬ ಒಂದು ಚಿಟಿಕೆ ಸದ್ದು! ಅದರಿಂದಲೇ ವೈದ್ಯನಾಗಿದ್ದವನು ರೋಗಿಯಾಗಿಬಿಟ್ಟ!

ಹೋಗುವುದಕ್ಕೂ ಇರುವುದಕ್ಕೂ ಎಲ್ಲಿಯ ಸಂಬಂಧ ಅನ್ನುತ್ತೀರಾ? ನಮ್ಮ ಬಾಯನ್ನೇ ಗಮನಿಸಿ. ‘ನಿನ್ನೆ ಎಲ್ಲಿದ್ದೆ?’ ‘ಸಂತೆಗೆ ಹೋಗಿದ್ದೆ.’ ಹೋಗಿ, ಇದ್ದೆ! ದಿನಾ ಆಡುವ ಮಾತಿನಲ್ಲೇ ಎರಡನ್ನೂ ಕಟ್ಟಿ ಒಂದು ಮಾಡಿದ್ದೇವೆ!

ಸುಮಾರು 50 ಕೋಟಿ ಜನರ ತಾಯಿನುಡಿ ಈ ಸ್ಪ್ಯಾನಿಷ್. ಊರೂರಿಗೂ ಹೊಸ ಬೆರಗು! ಅರ್ಜೆಂಟೀನಾದಲ್ಲಿ ಗೆಳೆಯನಿಗೆ ಅಪ್ಪಣೆ ಕೊಡುವಾಗ ಕ್ರಿಯಾಪದದ ಕೊನೆಯ ‘ರ್’ ಬಿಟ್ಟುಬಿಡುತ್ತಾರೆ. ಆ ಲೆಕ್ಕದಲ್ಲಿ ‘ಹೋಗು’ ಅನ್ನಲು ಬರೀ ‘ಇ’ ಅನ್ನಬೇಕು! ಅನ್ನುತ್ತಾರೆಯೇ? ಇಲ್ಲ! ‘ನಡೆಯುವುದು’ ಎಂಬ ಅರ್ಥದ ‘ಆಂದಾರ್’ನಿಂದ ಕಡ ತಂದು ‘ಆಂದಾ!’ ಅನ್ನುತ್ತಾರೆ. ನಾವೂ ‘ನಡಿ!’ ಅನ್ನುತ್ತೇವಲ್ಲ, ಹಾಗೆಯೇ! ಲೆಕ್ಕ ಹಾಕಿ, ಇದು ನಾಲ್ಕನೆಯ ಕ್ರಿಯಾಪದ!

ಸ್ಪೇನ್‌ನಲ್ಲಿ ಇನ್ನೊಂದು ಕಥೆ. ಹಲವರಿಗೆ ‘ಹೊರಡಿ’ ಅನ್ನಲು ವ್ಯಾಕರಣದ ಪ್ರಕಾರ ‘ಇದೋಸ್’ ಅನ್ನಬೇಕು. ಜನರ ಬಾಯಲ್ಲಿದ್ದದ್ದು ‘ಇರೋಸ್’. 1713ರಲ್ಲಿ ಹುಟ್ಟಿದ ರೆಯಾಲ್ ಅಕಾದೆಮಿಯಾ ಎಸ್ಪಾನ್ಯೊಲಾ ಎಂಬ ಭಾಷಾ ಸಂಸ್ಥೆ 2017ರಲ್ಲಿ ‘ಇರೋಸ್’ ಕೂಡ ಸರಿ ಎಂದು ಒಪ್ಪಿತು. ಜನ ಗೆದ್ದರು! ಗೆಲ್ಲಲೇಬೇಕಿತ್ತು, ಭಾಷೆ ಅವರದ್ದು.

ನನಗೆ ಅತಿ ಇಷ್ಟವಾದದ್ದನ್ನು ಇಷ್ಟು ಹೊತ್ತು ಬಚ್ಚಿಟ್ಟಿದ್ದೆ. ಕರೆಂಟ್ ಹೋದರೆ ಸ್ಪ್ಯಾನಿಷ್‌ನಲ್ಲಿ ಏನನ್ನುತ್ತಾರೆ? ‘ಸೆ ಫ್ವೆ ಲಾ ಲುಸ್!’ ಪದಕ್ಕೆ ಪದ ಇಟ್ಟು ನೋಡಿ: ಬೆಳಕು ಹೊರಟುಹೋಯಿತು! ಮೆಕ್ಸಿಕೋದಲ್ಲೂ ಕರೆಂಟ್ ‘ಹೋಗುತ್ತದೆ’, ಮಂಡ್ಯದಲ್ಲೂ ‘ಹೋಗುತ್ತದೆ’!

ಮಳೆಗೆ ಮಾತ್ರ ಎಲ್ಲ ತಿರುವುಮುರುವು. ಮೋಡ ಕವಿದರೆ ನಮಗೆ ಮಳೆ ‘ಬರುತ್ತದೆ’. ಅವರಿಗೆ? ‘ಬಾ ಆ ಯೊಬೆರ್’, ಮಳೆಯಾಗಲು ‘ಹೋಗುತ್ತದೆ’! ‘ಬೊಯ್ ಆ ಕೊಮೆರ್’ ಎಂದರೆ ಊಟ ಮಾಡಲಿದ್ದೇನೆ. ‘ಬೊಯ್ ಆ ಆಬ್ಲಾರ್’ ಎಂದರೆ ಮಾತಾಡಲಿದ್ದೇನೆ. ಆಹಾ, ಗಮನಿಸಿದಿರಾ? ‘ಬೊಯ್, ಬಾಸ್, ಬಾ’ ಸಾಲಿನ ಆರು ರೂಪ ಬಾಯಿಗೆ ಬಂದರೆ ಸಾಕು, ಮುಂದೊಂದು ‘ಆ’ ಸೇರಿಸಿ ಬೇಕಾದ ಕ್ರಿಯಾಪದವನ್ನು ಇದ್ದಂತೆಯೇ ಇಡಿ. ಭವಿಷ್ಯತ್ಕಾಲ ಸಿದ್ಧ! ಬೇರೇನೂ ಉರು ಹೊಡೆಯಬೇಕಿಲ್ಲ!

ಕೊನೆಯದೊಂದು. ಅಮ್ಮ ಅಡುಗೆಮನೆಯಿಂದ ಊಟಕ್ಕೆ ಕೂಗಿದರೆ ಏನನ್ನುತ್ತೀರಿ? ‘ಬಂದೆ!’ ಇನ್ನೂ ಎದ್ದಿರುವುದಿಲ್ಲ, ಆಗಲೇ ‘ಬಂದೆ’! ಅದೇ ಹೊತ್ತಿಗೆ ಸ್ಪೇನ್‌ನ ಮಗು ಕೂಗುವುದು ‘ಯಾ ಬೊಯ್!’ ಅಂದರೆ ‘ಇಗೋ ಹೋದೆ!’ ಅವರು ಇಲ್ಲಿ ‘ಬಂದೆ’ ಅನ್ನುವುದಿಲ್ಲ, ಅಮ್ಮನ ಬಳಿಗೂ ‘ಹೋಗುತ್ತಾರೆ’!

ಇವತ್ತು ರಾತ್ರಿ ಊಟಕ್ಕೆ ಕರೆದಾಗ ಒಮ್ಮೆ ಜೋರಾಗಿ ಹೇಳಿ ನೋಡಿ: ಯಾ ಬೊಯ್!