ಜೀವಕೋಶದೊಳಗೊಂದು ಓಕುಳಿ

ತುಂಗಭದ್ರೆ ಪಕ್ಕದ ಹಲವಾಗಲಿನ ಮದುವೆ ಮನೆಯಲ್ಲಿ ಮದುಮಕ್ಕಳು ಹೊಸ್ತಿಲ ಹೊರಗೆ ನಿಂತಿರುತ್ತಾರೆ. ಒಳಗಿಂದ ತಟ್ಟೆಯಲ್ಲಿ ಆರತಿ ನೀರು ಬರಬೇಕು. ಅಡಿಗೆಮನೆಯಲ್ಲಿ ಯಾರೋ ಹಿರಿಯರು ನೀರಿಗೆ ಚಿಟಿಕೆ ಅರಿಶಿನ ಕದಡುತ್ತಾರೆ: ಹಳದಿ. ಎಲೆಯಡಿಕೆ ಚೀಲದಿಂದ ಬೆರಳ ತುದಿಯಷ್ಟು ಸುಣ್ಣ ತೆಗೆದು ಅದರಲ್ಲಿ ಆಡಿಸುತ್ತಾರೆ. ಆಹಾ, ಕಣ್ಣು ಮಿಟುಕಿಸುವಷ್ಟರಲ್ಲಿ ತಟ್ಟೆಯ ತುಂಬ ಕೆಂಪು! ಅರಿಶಿನದೊಳಗಿನ ಕರ್ಕ್ಯುಮಿನ್ ಎಂಬ ಅಣು, ಸುತ್ತಲಿನ ನೀರಿನಲ್ಲಿ ಹೈಡ್ರೋಜನ್ ಅಯಾನು, ಅಂದರೆ ವಿದ್ಯುದಾವೇಶ ಹೊತ್ತ ಹೈಡ್ರೋಜನ್, ಕಡಿಮೆಯಾಯಿತೆಂದು ಬಣ್ಣ ಬದಲಿಸಿ ಸಾರುತ್ತಿದೆ. ತಲೆತಲಾಂತರದಿಂದ ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಓಡಾಡಿದ ಅಯಾನು ಸಂವೇದಕ ಇದು!

ಇನ್ನೊಂದು ನೋಡಿ. ಅದೇ ಅರಿಶಿನವನ್ನು ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿ ಕಲಸಿ, ಖೋಟಾ ನೋಟು ಪತ್ತೆಗೆ ಅಂಗಡಿಯವರು ಇಟ್ಟುಕೊಳ್ಳುವ ನೇರಳೆ ದೀಪದ ಕೆಳಗೆ ಹಿಡಿಯಿರಿ. ಹಸಿರು ಮಿಶ್ರಿತ ಹಳದಿ ಬೆಳಕು ಒಳಗಿಂದಲೇ ಉಕ್ಕಿ ಬಂದಂತೆ ಕಾಣುತ್ತದೆ. ಕಣ್ಣಿಗೆ ಕಾಣದ ಬೆಳಕನ್ನು ನುಂಗಿ, ಕಾಣುವ ಬೆಳಕನ್ನು ಹೊರಚೆಲ್ಲುವ ಈ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು.

ಈಗ ಈ ಎರಡನ್ನೂ ಜೋಡಿಸಿ. ಬಣ್ಣ ಬದಲಿಸುವ ಓಕುಳಿಯನ್ನು, ತಾನೇ ಬೆಳಗುವ ಓಕುಳಿಯನ್ನು, ಒಂದು ಜೀವಕೋಶದೊಳಗಿನ ಚೀಲಕ್ಕೆ ಸುರಿಯಲು ಬಂದರೆ? ಬಂದಿದೆ! ಅದೂ ನಮ್ಮ ಬೆಂಗಳೂರಿನಲ್ಲಿ.

ಯಾಕೆ ಸುರಿಯಬೇಕು ಅಂದರೆ, ಬದುಕೆಲ್ಲ ನಡೆಯುವುದು ಈ ಅಯಾನುಗಳ ಮೇಲೆ. ಕ್ಯಾಲ್ಸಿಯಂ ಒಂದನ್ನೇ ತೆಗೆದುಕೊಳ್ಳಿ. ಜೀವಕೋಶದ ಹೊರಗಡೆ ಇರುವ ಕ್ಯಾಲ್ಸಿಯಂ ಒಳಗಿನ ದ್ರವದಲ್ಲಿ ಇರುವುದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಆ ಕಟ್ಟೆಯ ತೂಬು ಕ್ಷಣಮಾತ್ರ ತೆರೆದು ಮುಚ್ಚಿದಾಗ ಹೃದಯ ಒಂದು ಸಲ ಮಿಡಿಯುತ್ತದೆ. ನೀವು ಈ ಸಾಲು ಓದುವಷ್ಟರಲ್ಲಿ ಎಷ್ಟು ಸಲ ತೆರೆದಿರಬಹುದು! 1985ರಲ್ಲಿ ವಿಜ್ಞಾನಿ ರೋಜರ್ ಸಿಯೆನ್ ಮತ್ತು ಸಂಗಡಿಗರು ಫ್ಯೂರಾ-2 ಎಂಬ ಹೊಳೆಯುವ ಬಣ್ಣದಿಂದ ಆ ಏರಿಳಿತವನ್ನು ಅಳೆಯುವ ದಾರಿ ತೋರಿದರು. ಆದರೆ ಜೀವಕೋಶವೆಂದರೆ ಒಂದೇ ಕೋಣೆಯಲ್ಲ. ಒಳಗೆ ನೂರಾರು ಪುಟ್ಟ ಚೀಲಗಳು. ಬೇಕೆಂದ ಚೀಲಕ್ಕೇ ಹೋಗಿ ಕೂತು ಲೆಕ್ಕ ಒಪ್ಪಿಸುವ ದೂತ ಬೇಕಿತ್ತು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೆ ಕೃಷಿ ಮೇಳ ನೋಡಲು ನಮ್ಮ ಕಡೆಯ ರೈತರು ಬಸ್ಸು ಹತ್ತಿ ಹೋಗುತ್ತಾರಲ್ಲ, ಅದೇ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್, ಇದೆ. ಅಲ್ಲಿ ರಸಾಯನ ವಿಜ್ಞಾನಿ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ಒಂದು ಇಕ್ಕಳ ಮಾಡಿತು. ಕಬ್ಬಿಣದ್ದಲ್ಲ, ಡಿಎನ್‌ಎಯದ್ದು! ತಂದೆತಾಯಿಯ ಗುಣ ಮಕ್ಕಳಿಗೆ ಸಾಗಿಸುವ ಅದೇ ಎಳೆ. ಅದರ ದಪ್ಪ ಬರೀ 2 ನ್ಯಾನೊಮೀಟರ್. ತಲೆಗೂದಲಿನ ಅಗಲದಲ್ಲಿ ಅಂಥವು ಸಾವಿರ ಸಾವಿರ ಸಾಲಾಗಿ ನಿಲ್ಲಬಹುದು. ಇಕ್ಕಳದ ಎರಡು ತುದಿಗೂ ಒಂದೊಂದು ದೀಪ, ಒಂದು ಹಸಿರು, ಒಂದು ಕೆಂಪು. ಸುತ್ತ ಹುಳಿ ಹೆಚ್ಚಾದರೆ, ಅಂದರೆ ಹೈಡ್ರೋಜನ್ ಅಯಾನು ತುಂಬಿಕೊಂಡರೆ, ಡಿಎನ್‌ಎಯ ಸೈಟೋಸಿನ್ ಅಕ್ಷರಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಇಕ್ಕಳ ಮುಚ್ಚುತ್ತದೆ. ದೀಪಗಳು ಹತ್ತಿರ ಬಂದ ಕೂಡಲೇ ಹಸಿರು ದೀಪ ತನ್ನ ಶಕ್ತಿಯನ್ನು ಕೆಂಪಿಗೆ ದಾಟಿಸಿಬಿಡುತ್ತದೆ. ಹುಳಿ ಇಳಿದರೆ ಇಕ್ಕಳ ಬಿಚ್ಚಿ ಮತ್ತೆ ಹಸಿರು. ಅದಕ್ಕವರು ಇಟ್ಟ ಹೆಸರು ಐ-ಸ್ವಿಚ್.

ನನಗೆ ಅತಿ ಜಾಣತನ ಅನಿಸುವುದು ಆ ಎರಡನೆಯ ದೀಪ. ಒಂದೇ ದೀಪವಿದ್ದರೆ ಮೋಸ ಹೋಗುತ್ತೇವೆ. ಬೆಳಕು ಕಡಿಮೆಯಾಗಿದ್ದು ಅಯಾನು ಕಡಿಮೆಯಾದ್ದರಿಂದಲೋ, ಆ ಮೂಲೆಗೆ ಹೋದ ದೂತರೇ ಕಡಿಮೆಯೋ, ಯಾರು ಬಲ್ಲರು? ಎರಡು ಬಣ್ಣವನ್ನು ಭಾಗಿಸಿದರೆ ದೂತರು ಹತ್ತಿದ್ದರೂ ಒಂದೇ ಉತ್ತರ, ಸಾವಿರವಿದ್ದರೂ ಅದೇ ಉತ್ತರ.

2011ರಲ್ಲಿ ಇದೇ ಇಕ್ಕಳವನ್ನು ಜೀವಂತ ಹುಳುವಿನೊಳಗೆ ಬಿಟ್ಟರು. ಒಂದು ಮಿಲಿಮೀಟರ್ ಉದ್ದದ ಆ ಹುಳುವಿನ ಮೈ ಗಾಜಿನಂತೆ ಪಾರದರ್ಶಕ. ಅದರಲ್ಲಿ ಕಸ ಗುಡಿಸುವ ಜೀವಕೋಶಗಳು ಆರೇ ಆರು. ಅವು ಇಕ್ಕಳವನ್ನು ನುಂಗಿ ಚೀಲದಲ್ಲಿ ಹಾಕಿಕೊಂಡವು. ಚೀಲ ಒಳಗೊಳಗೆ ಸಾಗಿದಂತೆ ಹುಳಿಯೇರಿತು, ಸುಮಾರು ಒಂದು ಗಂಟೆಯಲ್ಲಿ ಪಿಎಚ್ (ಹುಳಿ ಏರಿದಂತೆ ಇಳಿಯುವ ಅಳತೆ) 6.4ರಿಂದ 5.4ಕ್ಕೆ. ಅಂಕಿಯಲ್ಲಿ ಒಂದೇ ಮೆಟ್ಟಿಲು, ಅಯಾನಿನ ಲೆಕ್ಕದಲ್ಲಿ ಹತ್ತು ಪಟ್ಟು! ಹುಳು ಬದುಕಿದ್ದ ಹಾಗೇ ಆ ಬಣ್ಣ ಬದಲಾವಣೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು.

ಯಮುನಾ ಅವರಿಗೆ 2013ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು. ಮರುವರ್ಷ ಅವರು ಶಿಕಾಗೊ ವಿಶ್ವವಿದ್ಯಾಲಯಕ್ಕೆ ಹೋದರು. ಕೆಲಸ ನಿಲ್ಲಲಿಲ್ಲ. ಊಟದ ಉಪ್ಪಿನ ಅರ್ಧಭಾಗವಾದ ಕ್ಲೋರೈಡನ್ನು ಅಳೆಯುವ ಕ್ಲೆನ್ಸರ್ ಬಂತು. ಜೀವಕೋಶದ ತಿಪ್ಪೆಗುಂಡಿ ಎನ್ನಬಹುದಾದ ಲೈಸೋಸೋಮಿನಲ್ಲಿ ಕ್ಲೋರೈಡ್ ಅಷ್ಟೊಂದು ತುಂಬಿರುವುದು, ಕಸ ಕರಗದೆ ಗುಡ್ಡೆಯಾಗುವ ಕೆಲವು ಆನುವಂಶಿಕ ಕಾಯಿಲೆಗಳ ಮಾದರಿಗಳಲ್ಲಿ ಅದು ಕುಸಿಯುವುದು 2017ರಲ್ಲಿ ಗೊತ್ತಾಯಿತು. ಅಂಥ ಮಗುವಿನ ತಾಯಿಗೆ ಇದು ಎಷ್ಟು ದೊಡ್ಡ ಸುಳಿವು! 2019ರಲ್ಲಿ ಕ್ಯಾಲ್ಸಿಯಂ ಸರದಿ. ಹುಳಿಯಲ್ಲಿ ಕ್ಯಾಲ್ಸಿಯಂ ಅಳೆಯುವ ಬಣ್ಣದ ಲೆಕ್ಕ ತಪ್ಪುತ್ತದೆ, ಅದಕ್ಕೆ ಒಂದೇ ಎಳೆಯಲ್ಲಿ ಹುಳಿಯ ಅಳತೆಯನ್ನೂ ಹೆಣೆದುಬಿಟ್ಟರು.

ಇದನ್ನೆಲ್ಲ ಓದುವಾಗ ನನ್ನ ಮನಸ್ಸು ಹೊರಳುವುದು ಇನ್ನೊಂದು ಅಯಾನಿನ, ಫ್ಲೋರೈಡಿನ ಕಡೆಗೆ. ಹಲವಾಗಲಿನ ಪಕ್ಕದಲ್ಲೇ ತುಂಗಭದ್ರೆ ಹರಿಯುತ್ತಾಳೆ, ಸರಿ. ಹೊಳೆ ಬಿಟ್ಟು ಹರಪನಹಳ್ಳಿ, ಕೂಡ್ಲಿಗಿಯ ಒಣ ನೆಲಕ್ಕೆ ಬನ್ನಿ, ಬೋರ್‌ವೆಲ್ ನೀರೇ ಗತಿ. ನಗುವ ಮಕ್ಕಳ ಹಲ್ಲಿನ ಮೇಲೆ ಫ್ಲೋರೈಡಿನ ಕಂದು ಗೆರೆಗಳು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5. ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೆ ಹೇಗೆ ಗೊತ್ತಾದೀತು?

ಫ್ಲೋರೈಡಿಗೆ ಜಿರ್ಕೋನಿಯಂ ಎಂಬ ಲೋಹ ಕಂಡರೆ ವಿಪರೀತ ಸೆಳೆತ. ಪ್ರಯೋಗಾಲಯದ ಹಳೆಯ ಪರೀಕ್ಷೆಯಲ್ಲಿ ಬಣ್ಣದ ಜೊತೆ ಕೂತ ಜಿರ್ಕೋನಿಯಮನ್ನು ಫ್ಲೋರೈಡ್ ಕಿತ್ತುಕೊಳ್ಳುತ್ತದೆ, ಬಣ್ಣ ಮಾಸುತ್ತದೆ. ಈಗ ಅದೇ ಜಿರ್ಕೋನಿಯಮನ್ನು ಕಾರ್ಬನ್ ಚುಕ್ಕೆಗಳೆಂಬ ಹೊಳೆಯುವ ನ್ಯಾನೊ ಕಣಗಳ ಜೊತೆ ಕೂಡಿಸುವ ಪ್ರಯೋಗಗಳು ನಡೆದಿವೆ. 2004ರಲ್ಲಿ ಬೇರೇನನ್ನೋ ಶುದ್ಧ ಮಾಡುವಾಗ ಅಕಸ್ಮಾತ್ ಕಣ್ಣಿಗೆ ಬಿದ್ದ ಕಣಗಳಿವು. ನಿಂಬೆರಸವನ್ನು ಒತ್ತಡದಲ್ಲಿ ಕಾಯಿಸಿಯೂ ಇವನ್ನು ಪಡೆಯಬಹುದು! ನೀರಿನಲ್ಲಿ ಫಾಸ್ಫೇಟ್, ಅಲ್ಯೂಮಿನಿಯಂ ಇದ್ದರೆ ಹಳೆಯ ಪರೀಕ್ಷೆಯ ಲೆಕ್ಕ ತಪ್ಪುತ್ತದೆ. ಹೊಸ ಕಣಗಳೂ ಆ ತೊಡಕನ್ನು ದಾಟಬೇಕು. ದಾಟಿದರೆ, ಬೋರ್‌ವೆಲ್ ನೀರಿನ ಬಾಟಲಿಗೆ ಒಂದು ಹನಿ ಬಿಟ್ಟು ಕಿರಾಣಿ ಅಂಗಡಿಯ ಆ ನೇರಳೆ ದೀಪಕ್ಕೆ ಹಿಡಿದರಾಯಿತು.